ಹದಿನೈದನೆಯ ಕಂತು

ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಪೇಟೆಯ ಅಂಗಡಿಯವರು ಇಟ್ಟ ಹೆಸರು ಗ್ರಾಂ ಸಾಹೇಬರು. ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಮುದ್ರೆ ಒತ್ತಿದ ಮನುಷ್ಯ. ಹಿತ್ತಾಳೆಯ ಬಟ್ಟುಗಳನ್ನು ಚರ್ಮದ ಚೀಲದೊಳಗೆ ಕೂಸು ಮಲಗಿಸಿದ ಹಾಗೆ ಮಲಗಿಸಿಕೊಂಡು ಓಡಾಡುತ್ತಿದ್ದರು. ಯಾವನಾದರೂ ವ್ಯಾಪಾರಿ ತನ್ನ ಬಟ್ಟಿನ ತಳದಿಂದ ಚೂರು ಸೀಸ ಕೆರೆದು ತೆಗೆದಿದ್ದರೆ, ಅಂಗೈಯಲ್ಲಿ ಇಟ್ಟುಕೊಂಡ ಕೂಡಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. "ಇದು ಉಪವಾಸ ಬಿದ್ದಿರೋ ಬಟ್ಟು ಕಣಯ್ಯ" ಅನ್ನುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿ ಅಂತ ಅಂಗಡಿಯವರು ಆಡಿಕೊಳ್ಳುತ್ತಿದ್ದರು.

ಇಂಥವರಿಗೆ ಗಂಟುಬಿದ್ದ ಭಾಮೈದ ಟೈಲರು. ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ, ನಲವತ್ತಾರು ವರ್ಷ, ಪ್ಯಾಂಟು ಕತ್ತರಿಸುವುದರಲ್ಲಿ ಎತ್ತಿದ ಕೈ. ಕುತ್ತಿಗೆಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು, ಬಾಯಲ್ಲಿ ಸದಾ ಏನಾದರೊಂದು ಚೇಷ್ಟೆ. "ಭಾವ, ನಿಮ್ಮದು ಕಬ್ಬಿಣದ ಅಳತೆ, ನಂದು ಬಟ್ಟೆಯ ಅಳತೆ. ಒಗೆದ ಮೇಲೆ ನನ್ನದು ಒಂದಿಂಚು ಕುಗ್ಗುತ್ತೆ, ಅಷ್ಟೇ ವ್ಯತ್ಯಾಸ" ಅಂತ ನಗುತ್ತಿದ್ದ. ಸಾಹೇಬರಿಗೆ ಅವನ ಮೇಲೆ ಪ್ರಾಣ. ಅದನ್ನು ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ, ಅದಕ್ಕೇ ಯಾವಾಗಲೂ ಅವನನ್ನು ಗದರಿಕೊಂಡೇ ಇರುತ್ತಿದ್ದರು.

ಕಡಲಿನ ಅಂಚು ಹಿಡಿದು ಮುನ್ನೂರು ಕಿಲೋಮೀಟರು ಹೋಗುವ ಒಂದು ಕಾಲುದಾರಿ ಇದೆ. ಗುಡ್ಡ, ಮರಳು, ಬಂಡೆ, ಮತ್ತೆ ಗುಡ್ಡ. ಅದನ್ನು ಒಂದೇ ಸಲಕ್ಕೆ ನಡೆದು ಮುಗಿಸುವ ಹುಚ್ಚರೂ ಇದ್ದಾರೆ. ಇವರದು ಕಂತಿನ ನಡಿಗೆ. ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಬೆನ್ನು ಬಿಲ್ಲಾಗಿದ್ದ ಭಾಮೈದನಿಗೆ ಡಾಕ್ಟರು ನಡೆ ಅಂದರು. ಅವನು ಒಬ್ಬನೇ ನಡೆಯುವುದಿಲ್ಲ ಅಂತ ಭಾವನನ್ನು ಎಳೆದ. ವರ್ಷಕ್ಕೆ ಎರಡು ಕಂತು. ಹೋದ ಸಲ ಎಲ್ಲಿ ನಿಲ್ಲಿಸಿದರೋ ಅಲ್ಲಿಂದಲೇ ಮುಂದಕ್ಕೆ. ಏಳು ವರ್ಷದಲ್ಲಿ ಹದಿನಾಲ್ಕು ಕಂತು ಮುಗಿದಿದ್ದವು.

ಕಾರು ನಿಲ್ಲಿಸಿದ ಜಾಗಕ್ಕೇ ತಿರುಗಿ ಬರಬೇಕಾದರೆ ದಾರಿ ದುಪ್ಪಟ್ಟಾಗುತ್ತದಲ್ಲ, ಅದಕ್ಕೆ ಸಾಹೇಬರೇ ಒಂದು ಉಪಾಯ ಕಂಡುಹಿಡಿದಿದ್ದರು. ಅವರು ಕಂತಿನ ಉತ್ತರದ ತುದಿಯಲ್ಲಿ ತಮ್ಮ ಕಾರು ನಿಲ್ಲಿಸಿ ದಕ್ಷಿಣಕ್ಕೆ ನಡೆಯುವುದು. ಭಾಮೈದ ದಕ್ಷಿಣದ ತುದಿಯಲ್ಲಿ ತನ್ನ ಕಾರು ನಿಲ್ಲಿಸಿ ಉತ್ತರಕ್ಕೆ ನಡೆಯುವುದು. ನಡುದಾರಿಯಲ್ಲಿ ಭೇಟಿ. ಬುತ್ತಿ ಬಿಚ್ಚಿ ಉಂಡು, ಕಾರಿನ ಕೀಲಿ ಅದಲುಬದಲು ಮಾಡಿಕೊಂಡು, ಅವರವರ ಪಾಡಿಗೆ ಮುಂದಕ್ಕೆ. ಸಂಜೆ ಇವರ ಕಾರಿನಲ್ಲಿ ಅವನು ಮನೆಗೆ, ಅವನ ಕಾರಿನಲ್ಲಿ ಇವರು.

ಇನ್ನೊಂದು ಕಟ್ಟಳೆಯೂ ಸಾಹೇಬರದೇ. ದಾರಿಯುದ್ದಕ್ಕೂ ನಂಬರು ಹಾಕಿದ ಮರದ ಗೂಟಗಳನ್ನು ನೆಟ್ಟಿದ್ದಾರೆ. ಪ್ರತಿ ಗೂಟವನ್ನೂ ಕೈಯಿಂದ ಮುಟ್ಟಿಯೇ ಮುಂದೆ ಹೋಗಬೇಕು. ಒಂದು ಬಿಟ್ಟರೂ ಆ ಕಂತು ನಡೆದ ಹಾಗಲ್ಲ. ಭೇಟಿಯಾದ ಕೂಡಲೇ "ಎಲ್ಲಾ ಮುಟ್ಟಿದ್ಯಾ?" ಅಂತ ಇವರು ಕೇಳುವುದು, "ಎಲ್ಲಾ ಮುಟ್ಟಿದೆ ಸಾರ್, ಮುದ್ರೆ ಒತ್ತಿ" ಅಂತ ಅವನು ಅಂಗೈ ಚಾಚುವುದು. ಆರನೆಯ ಕಂತಿನಲ್ಲಿ ಒಂದು ಕಡೆ ದಾರಿ ಮುಚ್ಚಿದೆ, ಸುತ್ತಿ ಹೋಗಿ ಅಂತ ಬೋರ್ಡು ಇತ್ತು. ಭಾಮೈದ ಪಾಪ ಬೋರ್ಡು ಹೇಳಿದ ಹಾಗೆ ಕೇಳಿ ನಾಲ್ಕು ಗೂಟ ಬಿಟ್ಟು ಬಂದಿದ್ದ. ಸಾಹೇಬರು ಅವನಿಗೆ ನೀರಿಳಿಸಿಬಿಟ್ಟರು. "ಬೋರ್ಡು ಇರೋದು ನಿನ್ನಂಥವರನ್ನ ಹೆದರಿಸೋಕೆ. ನಾನು ಆ ದಾರೀಲೇ ಬರಲಿಲ್ವಾ?" ಅಂದು, ಮುಂದಿನ ವಾರ ಅವನೊಬ್ಬನನ್ನೇ ಕಳಿಸಿ ಆ ನಾಲ್ಕು ಗೂಟ ಮುಟ್ಟಿಸಿ ಕರೆಸಿಕೊಂಡರು. ಅಂದಿನಿಂದ ಭಾಮೈದ ಬೋರ್ಡುಗಳಿಗೆ ಸೊಪ್ಪು ಹಾಕುವುದನ್ನು ಬಿಟ್ಟ.

ಹದಿನಾಲ್ಕನೆಯ ಕಂತಿನಲ್ಲಿ ಸಾಹೇಬರಿಗೆ ಒಂದು ಆಗಬಾರದ್ದು ಆಯಿತು. ಗುಡ್ಡದ ಅಂಚಿನಲ್ಲಿ ಹೋಗುವಾಗ ಕೆಳಗೆ ನೋಡಿದರು, ಅಷ್ಟೇ. ಕಾಲು ತಮ್ಮದಲ್ಲ ಅನ್ನಿಸಿತು. ಬೆವರು ಕಿತ್ತುಕೊಂಡು ಬಂತು. ನೆಲಕ್ಕೆ ಕೂತು ಬೂಟಿನ ಲೇಸು ಕಟ್ಟಿದರು, ಬಿಚ್ಚಿ ಮತ್ತೆ ಕಟ್ಟಿದರು, ಹಾಗೇ ಕಾಲು ಗಂಟೆ. ಕೊನೆಗೆ ಅಂಚಿನಿಂದ ದೂರ ತೆವಳಿಕೊಂಡು ದಾಟಿದರು. ಐವತ್ತೆಂಟು ವರ್ಷಕ್ಕೆ ಎತ್ತರದ ಭಯ ಹೊಸದಾಗಿ ಅಂಟಿಕೊಂಡಿತ್ತು. ಹೆಂಡತಿಗೆ ಹೇಳಲಿಲ್ಲ, ಭಾಮೈದನಿಗಂತೂ ಕೇಳಬೇಡಿ. ನಾಚಿಕೆ.

ಹದಿನೈದನೆಯದು ನಲವತ್ತು ಗೂಟದ ಕಂತು, ಮುಕ್ಕಾಲು ಪಾಲು ಗುಡ್ಡದ ಅಂಚೇ. ಬೆಳಿಗ್ಗೆ ಎಂಟಕ್ಕೆ ಸಾಹೇಬರು ಮೊದಲ ಗೂಟ ಮುಟ್ಟಿದರು. ಗಾಳಿ ಇರಲಿಲ್ಲ. ಕಡಲು ಇಳಿತದಲ್ಲಿತ್ತು, ದೂರ ಸರಿದು ಸುಮ್ಮನೆ ಬಿದ್ದುಕೊಂಡಿತ್ತು. ನಿತ್ಯ ಅಂಚಿನ ಬಿಲಗಳಲ್ಲಿ ಕೂತು ಕಿರುಚಾಡುವ ಹಕ್ಕಿಗಳು ಅವತ್ತು ಒಂದೂ ಕಾಣಲಿಲ್ಲ. ಏಳನೆಯ ಗೂಟದ ಹತ್ತಿರ ನಿಂತಾಗ ಎಲ್ಲೋ ಕೆಳಗೆ ಜಲ್ಲಿ ಸುರಿದ ಹಾಗೆ ಸದ್ದು ಕೇಳಿಸಿತು. ನಿಂತು ಕಿವಿಗೊಟ್ಟರು. ಸದ್ದು ನಿಂತಿತು. ಎರಡು ಹೆಜ್ಜೆ ಇಟ್ಟರೆ ಮತ್ತೆ ಸುರಿಯಿತು.

ಹತ್ತನೆಯ ಗೂಟದಲ್ಲಿ ಬೋರ್ಡು. ಬಣ್ಣ ಇನ್ನೂ ಹೊಸದು. ಮುಂದೆ ಗುಡ್ಡ ಕುಸಿಯುತ್ತಿದೆ, ಕಡಲ ದಾರಿ ಮುಚ್ಚಿದೆ, ಸುತ್ತುದಾರಿಯಲ್ಲಿ ಹೋಗಿ. ಎಡಕ್ಕೆ ಬಾಣದ ಗುರುತು. ಬೋರ್ಡಿನ ಆಚೆ ಹುಲ್ಲಿನಲ್ಲಿ ಒಂದು ಬಿರುಕು ಅಂಚಿಗೆ ಸಮನಾಗಿ ಓಡಿತ್ತು, ಕೈ ತೂರುವಷ್ಟು ಅಗಲ.

ಅವರು ಎಡಕ್ಕೆ ತಿರುಗಿದರು. ಅದರಲ್ಲಿ ತಪ್ಪೇನೂ ಇಲ್ಲ, ಯಾರೂ ನಗುತ್ತಿರಲಿಲ್ಲ. ಆದರೆ ಈ ಮಹಾರಾಯರು ತಿರುಗುವಾಗಲೇ ಮನಸ್ಸಿನಲ್ಲಿ ಒಂದು ಸುಳ್ಳು ಹೊಲಿದುಕೊಂಡರು. ಸುತ್ತುದಾರಿ ಎರಡು ಮೈಲಿ ಇರಬಹುದು. ಹದಿನೈದು ಹದಿನಾರನೆಯ ಗೂಟದ ಹತ್ತಿರ ಮತ್ತೆ ಅಂಚಿಗೆ ಬಂದರಾಯಿತು. ಭಾಮೈದ ಸಿಗುವುದು ಇಪ್ಪತ್ತರ ಆಸುಪಾಸಿನಲ್ಲಿ. ಎಲ್ಲಾ ಮುಟ್ಟಿದೆ ಅಂದರಾಯಿತು, ಯಾರಿಗೆ ಗೊತ್ತಾಗುತ್ತದೆ?

ಸುತ್ತುದಾರಿ ಹೊಲಗಳ ನಡುವೆ ಹೋಯಿತು, ಒಂದು ಹಳೇ ಕಾರ್ಖಾನೆಯ ಗೋಡೆ ಬಳಸಿ ಹೋಯಿತು, ಮುಗಿಯುವ ಲಕ್ಷಣ ಕಾಣಲಿಲ್ಲ. ದಾರಿಯಲ್ಲಿ ಹೂವಿನ ಸಸಿ ಮಾರುವ ನರ್ಸರಿಯೊಂದು ಸಿಕ್ಕಿತು. ನೀರು ಕೇಳಿದರೆ ಆ ಹೆಂಗಸು ಒಳಗೆ ಕೂರಿಸಿ ಚಹಾ ಕೊಟ್ಟಳು. ಗಾಜಿನ ಮಾಡಿನ ಕೆಳಗೆ, ಕುಂಡಗಳ ಮಧ್ಯೆ, ಸಾಹೇಬರು ಅರ್ಧ ಗಂಟೆ ಕೂತರು. ನೆಲ ಗಟ್ಟಿಯಾಗಿತ್ತು. ಹಾಯೆನಿಸಿತು. ಆಗ ಮಧ್ಯಾಹ್ನ ಹನ್ನೆರಡು. ದೂರದಲ್ಲಿ ಲಾರಿ ಮಣ್ಣು ಸುರುವಿದ ಹಾಗೆ ದಡದಡ ಕೇಳಿಸಿತು. "ಎಲ್ಲೋ ಮನೆ ಕಟ್ತಿದಾರೆ" ಅಂದಳು ನರ್ಸರಿಯವಳು. ಇರಬಹುದು ಅಂದರು ಇವರು.

ಸುತ್ತುದಾರಿ ಕಡಲಿಗೆ ಬಂದು ಸೇರಿದಾಗ ಎದುರಿಗಿದ್ದ ಗೂಟದ ನಂಬರು ಇಪ್ಪತ್ತೆಂಟು. ಗಂಟೆ ಒಂದು. ಅಲ್ಲೂ ಅದೇ ಹೊಸ ಬೋರ್ಡು, ಬಾಣ ಮಾತ್ರ ಬೇರೆ ಕಡೆಗೆ. ಭಾಮೈದ ಎರಡು ಗಂಟೆ ಮೊದಲೇ ಇಲ್ಲಿ ದಾಟಿರಬೇಕು. ಯಾವ ಕಡೆ ಹೋದ? ಸುತ್ತುದಾರಿಯಲ್ಲಿ ಬಂದಿದ್ದರೆ ಎದುರಿಗೆ ಸಿಗಬೇಕಿತ್ತು. ತಾವು ನರ್ಸರಿಯ ಒಳಗೆ ಕೂತಿದ್ದಾಗ ರಸ್ತೆಯಲ್ಲಿ ಹಾದು ಹೋಗಿರಬಹುದಲ್ಲ? ಹಾಗೇ ಇರಬೇಕು. ಹಾಗೇ ಇರಲಿ. ಆ ಒಂದು ಎಳೆ ಹಿಡಿದುಕೊಂಡು ಅವರು ದಕ್ಷಿಣಕ್ಕೆ ಬಿರಬಿರನೆ ನಡೆದರು. ದಾರಿಯಲ್ಲಿ ಸಿಕ್ಕ ಹನ್ನೆರಡು ಗೂಟಗಳನ್ನೂ ಮುಟ್ಟಿದರು, ಅಭ್ಯಾಸ ಬಿಡಬೇಕಲ್ಲ.

ಎರಡೂಕಾಲು ಗಂಟೆಗೆ ಭಾಮೈದನ ಕಾರಿನ ಹತ್ತಿರ ಬಂದರು. ನೀಲಿ ಬಣ್ಣದ ಹಳೇ ಕಾರು, ಹಿಂದಿನ ಸೀಟಿನ ತುಂಬ ಯಾರದೋ ಕೋಟಿನ ತೋಳುಗಳು. ಕೀಲಿ ಅವನ ಜೇಬಿನಲ್ಲಿದೆ, ಇವರ ಕಾರಿನ ಕೀಲಿ ಇವರ ಜೇಬಿನಲ್ಲಿದೆ. ಹಾಗಾದರೆ ಅವನು ಅಲ್ಲಿಗೆ ತಲುಪಿದ್ದರೂ ಬೀಗ ಹಾಕಿದ ಕಾರಿನ ಮುಂದೆ ಹೀಗೇ ನಿಂತಿರುತ್ತಾನೆ. ಮುಂದಿನ ಸೀಟಿನ ಮೇಲೆ ಅವನ ಫೋನು ಬಿದ್ದಿತ್ತು. ನಡೆಯುವಾಗ ಗಿರಾಕಿಗಳ ಕಾಟ ಬೇಡ ಅಂತ ಅವನು ಅದನ್ನು ಯಾವಾಗಲೂ ಕಾರಿನಲ್ಲೇ ಬಿಡುತ್ತಿದ್ದ. ಇವರು ನೋಡುತ್ತಿದ್ದ ಹಾಗೇ ಅದರಲ್ಲಿ ಬೆಳಕು ಬಂತು. ಗಾಜಿನೊಳಗೆ ಸದ್ದಿಲ್ಲದೆ ನಡುಗಿತು. ಅಕ್ಕ, ಅಂತ ಹೆಸರು. ನಿಂತಿತು. ಮತ್ತೆ ನಡುಗಿತು.

ಆಮೇಲೆ ಇವರ ಜೇಬಿನ ಫೋನು ಬಡಿದುಕೊಂಡಿತು.

"ರೀ, ಎಲ್ಲಿದೀರಾ? ಅವನು ಫೋನ್ ಎತ್ತುತ್ತಿಲ್ಲ" ಅಂದಳು ಹೆಂಡತಿ.

"ಅವನ ಕಾರಿನ ಹತ್ರ ಇದೀನಿ. ಅವನು ಸಿಗಲಿಲ್ಲ."

"ಸಿಗಲಿಲ್ಲ ಅಂದ್ರೆ? ಇರೋದು ಒಂದೇ ದಾರಿ. ಎದುರುಬದುರು ಬರೋರು ಸಿಗದೆ ಹೇಗಿರ್ತೀರಾ? ನೀವು ಕಡಲ ದಾರೀಲೇ ಬಂದ್ರಿ ತಾನೇ?"

ಇಲ್ಲ ಅನ್ನಲು ಬಾಯಿ ತೆರೆದರು. ಏಳು ವರ್ಷ ಅವಳ ತಮ್ಮನಿಗೆ ಗೂಟ ಗೂಟ ಅಂತ ತಲೆ ತಿಂದ ನಾಲಿಗೆ ಅದು, ಹೊರಳಲಿಲ್ಲ. "ಹೂಂ. ಅಂಚಿನಲ್ಲೇ ಬಂದೆ" ಅಂದರು.

ಅವಳು ಆ ಮಾತು ಹಿಡಿದುಕೊಂಡಳು. "ಹಾಗಾದ್ರೆ ಅವನು ಅಂಚಿನಲ್ಲಿ ಇಲ್ಲ. ಇದ್ದಿದ್ರೆ ನಿಮ್ಮ ಕಣ್ಣಿಗೆ ಬೀಳ್ತಿದ್ದ. ಬೇರೆ ಕಡೆ ಎಲ್ಲೋ ಹೋಗಿ ಕೂತಿದಾನೆ. ಎದೆ ನೋವು ಗಿದೆ ನೋವು ಬಂದಿದ್ಯೋ ಏನೋ. ನಾನು ರಕ್ಷಣಾ ತಂಡದವರಿಗೆ ಫೋನ್ ಮಾಡ್ತೀನಿ, ನೀವು ಅಲ್ಲೇ ಇರಿ."

ಸುಳ್ಳು ಎಷ್ಟು ಸುಲಭವಾಗಿ ಅವಳ ಕೈಗೆ ಸಿಕ್ಕಿ, ಲೆಕ್ಕದ ಹಾಗೆ ಬಿಡಿಸಿಕೊಂಡಿತು ನೋಡಿ. ಸಾಹೇಬರು ಕಾರಿಗೆ ಒರಗಿ ನಿಂತರು. ಕಡಲು ಉಬ್ಬರಕ್ಕೆ ತಿರುಗಿತ್ತು. ದಡದ ಕಪ್ಪು ಬಂಡೆಗಳ ಸಾಲಿನಲ್ಲಿ ಮೂರು ಮಾತ್ರ ಈಗ ನೀರಿನ ಮೇಲೆ ಕಾಣುತ್ತಿದ್ದವು. ಅವನು ಈಗ ಬರುತ್ತಾನೆ, ಆ ಮರದ ಹಿಂದಿನಿಂದ ಬರುತ್ತಾನೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಬರಲಿಲ್ಲ.

ಮೂರೂ ನಲವತ್ತಕ್ಕೆ ಕಡಲ ರಕ್ಷಣಾ ತಂಡದ ಜೀಪು ಬಂತು. ಕಿತ್ತಳೆ ಬಣ್ಣದ ಜಾಕೆಟ್ಟಿನ ಒಬ್ಬಳು ಹೆಂಗಸು ಮುಖ್ಯಸ್ಥೆ, ಜೊತೆಗೆ ನಾಲ್ಕು ಜನ ಗಂಡಸರು, ಹಗ್ಗದ ಸುರುಳಿಗಳು. ಅವಳ ದನಿ ಗಾಳಿಯಲ್ಲಿ ಕೂಗಿ ಕೂಗಿ ಒಡೆದುಹೋಗಿತ್ತು. ಬಾನೆಟ್ಟಿನ ಮೇಲೆ ನಕ್ಷೆ ಹರಡಿದಳು.

"ನೀವು ಯಾವ ದಾರೀಲಿ ಬಂದ್ರಿ ಸಾರ್?"

"ಕಡಲ ದಾರಿ" ಅಂದರು.

"ಪೂರ್ತಿ? ಹತ್ತರಿಂದ ಇಪ್ಪತ್ತೆಂಟರವರೆಗೂ? ಅಲ್ಲಿ ಮುಚ್ಚಿದೀವಲ್ಲ."

"ಬೋರ್ಡು ನೋಡಿದೆ. ಆದ್ರೂ ಬಂದೆ."

"ಎಲ್ಲೂ ಕಾಣಲಿಲ್ಲವಾ? ಕೂಗಿದ ಸದ್ದು, ಬಿದ್ದ ಚೀಲ, ಏನಾದ್ರೂ?"

"ಏನೂ ಇಲ್ಲ."

ಅವಳು ಅಂಚಿನ ಗೆರೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಸಣ್ಣ ಅಡ್ಡಗೀಟು ಎಳೆದಳು. ನೋಡಿ ಆಗಿದೆ, ಖಾಲಿ, ಅಂತ ಅದರ ಅರ್ಥ. ಸಾಹೇಬರು ಆ ಗೀಟುಗಳನ್ನು ನೋಡಿದರು. ಪರೀಕ್ಷೆ ಮಾಡದ ತಕ್ಕಡಿಗೆ ಮುದ್ರೆ ಒತ್ತಿದ ಹಾಗಾಯಿತು. ಇಡೀ ನೌಕರಿಯಲ್ಲಿ ಅವರು ಒಂದು ಸಲವೂ ಮಾಡದ ಕೆಲಸ ಅದು. ಹೇಳಿಬಿಡಬೇಕು ಅನ್ನಿಸಿತು. ಆದರೆ ಈಗ ಹೇಳಿದರೆ ಹೆಂಡತಿಗೆ ಹೇಳಿದ್ದೂ ಸುಳ್ಳು, ಈಕೆಗೆ ಹೇಳಿದ್ದೂ ಸುಳ್ಳು ಅಂತಾಗುತ್ತದೆ. ಅವನು ನರ್ಸರಿಯ ಮುಂದೆ ಹಾದು ಹೋಗಿದ್ದರೆ ತಂಡದವರು ಹುಡುಕಿಯೇ ಹುಡುಕುತ್ತಾರಲ್ಲ, ಆಗ ಮಾನವೂ ಉಳಿಯುತ್ತದೆ, ಅವನೂ ಸಿಗುತ್ತಾನೆ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಮಾತಿಗೆ ಎದುರು ಮಾತಾಡುವವರು ಯಾರಿದ್ದಾರೆ?

ಇಬ್ಬರು ಸುತ್ತುದಾರಿ ಹಿಡಿದು ಹೋದರು. ಇನ್ನಿಬ್ಬರು ಹಳೇ ಕಾರ್ಖಾನೆಯ ಕಡೆಗೆ, ಅಲ್ಲಿ ಮುಚ್ಚಳವಿಲ್ಲದ ಬಾವಿ ಇದೆಯಂತೆ. ಮುಖ್ಯಸ್ಥೆ ರೇಡಿಯೋ ಹಿಡಿದು ಜೀಪಿನ ಹತ್ತಿರ ಉಳಿದಳು. ನಿಮಿಷಗಳು ಸರಿದವು. ಬಂಡೆಗಳಲ್ಲಿ ಎರಡು ಉಳಿದವು. ಸಾಹೇಬರು ಅತ್ತಿತ್ತ ತಿರುಗಾಡಿದರು, ಕೂತರು, ಎದ್ದರು.

"ಉಬ್ಬರ ಪೂರ್ತಿ ಏರೋದು ಎಷ್ಟು ಹೊತ್ತಿಗೆ?" ಅಂತ ಕೇಳಿದರು.

"ಐದೂ ಮುಕ್ಕಾಲು" ಅಂದಳು. "ಅಂಚಿನ ಕೆಳಗೆ ಯಾರೂ ಇಲ್ಲ ಅಂತ ನೀವು ಹೇಳಿದ್ದು ನಮ್ಮ ಪುಣ್ಯ. ಇಲ್ಲದಿದ್ರೆ ಇಷ್ಟೊತ್ತಿಗೆ ನನ್ನ ಕೈಕಾಲು ಆಡ್ತಿರಲಿಲ್ಲ."

ಅಷ್ಟರಲ್ಲಿ ರೇಡಿಯೋ ಗೊರಗುಟ್ಟಿತು. ಕಾರ್ಖಾನೆಯ ಕಡೆ ಹೋದವರಲ್ಲಿ ಒಬ್ಬ ದಿಬ್ಬ ಹತ್ತಿ ನೋಡಿದ್ದ. ಹತ್ತೊಂಬತ್ತನೆಯ ಗೂಟದ ಹತ್ತಿರ ಅಂಚು ಹೊಸದಾಗಿ ಕುಸಿದಿದೆ, ದೊಡ್ಡ ತುಂಡು, ಗೂಟವೂ ಹೋಗಿದೆ, ಮಣ್ಣು ಇನ್ನೂ ಹಸಿ.

ಮುಖ್ಯಸ್ಥೆ ತಲೆಯೆತ್ತಿದಳು. "ಅಬ್ಬಾ, ನಿಮ್ಮ ಆಯಸ್ಸು ಗಟ್ಟಿ ಇದೆ ಸಾರ್. ನೀವು ಹತ್ತೊಂಬತ್ತು ದಾಟಿದಾಗ ಎಷ್ಟು ಗಂಟೆ?"

ಅಂಚಿನಲ್ಲೇ ಬಂದಿದ್ದರೆ ಹನ್ನೆರಡಕ್ಕೆ ಅಲ್ಲಿರುತ್ತಿದ್ದರು. ನಿಮಿಷ ತಪ್ಪದ ಮನುಷ್ಯ. ಅದು ಇಡೀ ಮನೆಗೆ ಗೊತ್ತು, ಭಾಮೈದನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹನ್ನೆರಡಕ್ಕೆ ಕೇಳಿಸಿದ ಆ ದಡದಡ ಸದ್ದು ಸಾಹೇಬರ ಕಿವಿಯೊಳಗೆ ಮತ್ತೆ ಶುರುವಾಯಿತು. ಯಾರೂ ಮನೆ ಕಟ್ಟುತ್ತಿರಲಿಲ್ಲ. ಭಾಮೈದ ಆಗ ಇಪ್ಪತ್ತರ ಹತ್ತಿರ ಇದ್ದಿರಬೇಕು, ಕೈ ಬೀಸಲು ಎದುರು ನೋಡುತ್ತಾ.

"ನಾನು ಆ ದಾರೀಲಿ ಬರಲಿಲ್ಲ" ಅಂದರು.

"ಏನಂದ್ರಿ?"

"ಸುಳ್ಳು ಹೇಳಿದೆ. ಅಂಚು ನೋಡಿದ್ರೆ ನಂಗೆ ಹೆದರಿಕೆ ಆಗುತ್ತೆ. ಸುತ್ತುದಾರೀಲಿ ಬಂದೆ, ಅಲ್ಲಿ ಅವನು ಸಿಗಲಿಲ್ಲ. ಅವನು ಅಂಚಿನಲ್ಲೇ ಇದಾನೆ. ಮೊದಲಿಂದಲೂ ನಂಗೆ ಗೊತ್ತಿತ್ತು ಮೇಡಂ."

ಅವಳು ಬೈಯಲಿಲ್ಲ. ಗಡಿಯಾರ ನೋಡಿಕೊಂಡಳು. "ನಲವತ್ತು ನಿಮಿಷ ಹಾಳಾಯ್ತು" ಅಂದಳು, ಅಷ್ಟೇ. ರೇಡಿಯೋದಲ್ಲಿ ನಾಲ್ಕೂ ಜನಕ್ಕೆ ಹತ್ತೊಂಬತ್ತಕ್ಕೆ ಬನ್ನಿ ಅಂತ ಕೂಗಿ, ಇವರನ್ನು ಜೀಪಿಗೆ ಹತ್ತಿಸಿಕೊಂಡು ಹೊಲದೊಳಗೇ ನುಗ್ಗಿಸಿದಳು.

ಜೀಪು ನಿಂತಲ್ಲಿಂದ ಅಂಚಿಗೆ ಐವತ್ತು ಹೆಜ್ಜೆ. ಅಂಚು ಅನ್ನುವುದು ಅಲ್ಲಿ ಇರಲೇ ಇಲ್ಲ, ಯಾರೋ ಬ್ರೆಡ್ಡು ಕಚ್ಚಿ ಬಿಟ್ಟ ಹಾಗೆ ಗುಡ್ಡ ಅರ್ಧಕ್ಕೆ ನಿಂತಿತ್ತು. ಬಂದ ನಾಲ್ವರೂ ದೂರದಲ್ಲೇ ನೆಲಕ್ಕೆ ಕಬ್ಬಿಣದ ಗೂಟ ಬಡಿದು ಹಗ್ಗ ಕಟ್ಟತೊಡಗಿದರು. ಮುಖ್ಯಸ್ಥೆ ಹೊಟ್ಟೆಯ ಮೇಲೆ ತೆವಳಿ ಹೋಗಿ ಕೆಳಗೆ ಇಣುಕಿದಳು. ಕೈ ಎತ್ತಿದಳು.

"ಇದಾನೆ! ಬದುಕಿದಾನೆ!"

ಸಾಹೇಬರ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅಳುವೋ ನಗುವೋ ಅವರಿಗೇ ತಿಳಿಯಲಿಲ್ಲ.

ಅವಳು ಕೂಗಿದಳು, ಕೈ ಬೀಸಿದಳು, ಮತ್ತೆ ಕೂಗಿದಳು. ಆಮೇಲೆ ಹಿಂದಕ್ಕೆ ತೆವಳಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಅವನಿಗೆ ಏನೂ ಆಗಿಲ್ಲ. ಬಿದ್ದಿಲ್ಲ ಅವನು. ತಾನೇ ಕೊರಕಲು ಹಿಡಿದು ಇಳಿದಿದಾನೆ. ಮಣ್ಣು ಅಗೀತಿದಾನೆ. ನೀರು ಸೊಂಟಕ್ಕೆ ಬಂದಿದೆ. ಹಗ್ಗ ಬಿಡ್ತೀವಿ, ಈ ಕಡೆ ಬಾ ಅಂದ್ರೆ ಜಪ್ಪಯ್ಯ ಅಂದ್ರೂ ಬರಲ್ಲ. ನಮ್ಮ ಭಾವ ಒಳಗಿದಾರೆ, ಮೊದಲು ಅವರನ್ನ ತೆಗೀರಿ ಅಂತಾನೆ." ಇವರ ತೋಳು ಹಿಡಿದಳು. "ನೀವೇ ಕೂಗಬೇಕು. ನಿಮ್ಮ ದನಿ ಕೇಳಿದ್ರೆ ಮಾತ್ರ ಬರ್ತಾನೆ."

ಸಾಹೇಬರ ಸೊಂಟಕ್ಕೆ ಹಗ್ಗ ಕಟ್ಟಿದರು. ಅವರು ಹೊಟ್ಟೆಯ ಮೇಲೆ ಮಲಗಿ, ಕಣ್ಣು ಮುಚ್ಚಿಕೊಂಡು, ಮೊಳಕೈಯಿಂದ ನೆಲ ಎಳೆಯುತ್ತಾ ಹೋದರು. ಕೆಳಗಿನ ಹುಲ್ಲು ಸಣ್ಣಗೆ ಅಲುಗಿದ್ದು ಎದೆಗೆ ಗೊತ್ತಾಯಿತು. ಕೆನ್ನೆಗೆ ಕೆಳಗಿನ ಗಾಳಿ ತಾಗಿದಾಗ ಕಣ್ಣು ಬಿಟ್ಟರು.

ಅಷ್ಟು ಕೆಳಗೆ ಒಂದು ಕೆಂಪು ಮಣ್ಣಿನ ಗುಡ್ಡೆ, ಅದರ ಮೂರು ಕಡೆಯೂ ಕಡಲು. ಗುಡ್ಡೆಯ ಬುಡದಲ್ಲಿ ಭಾಮೈದ. ಅಂಗಿ ಹರಿದಿತ್ತು. ಕಲ್ಲುಗಳನ್ನು ಎರಡೂ ಕೈಯಿಂದ ತಬ್ಬಿ ಎಳೆದು ಹಿಂದಕ್ಕೆ ಹಾಕುತ್ತಿದ್ದ. ಅವನು ತೋಡಿದ ಗುಂಡಿಯನ್ನು ಅಲೆ ಬಂದು ತುಂಬುತ್ತಿತ್ತು. ಅವನು ಮತ್ತೆ ತೋಡುತ್ತಿದ್ದ. ಹನ್ನೆರಡು ಗಂಟೆಯಿಂದ, ನಾಲ್ಕೂವರೆ ತಾಸು.

"ಏನಯ್ಯಾ!" ಅಂತ ಸಾಹೇಬರು ಕೂಗಿದರು. "ನಾನು ಇಲ್ಲಿದೀನಿ!"

ಭಾಮೈದನ ಕೈ ನಿಂತಿತು. ಅವನು ಮೇಲೆ ನೋಡಲಿಲ್ಲ. ಮಣ್ಣಿಗೆ ಬಾಗಿ, ಕಿವಿ ಅಂಟಿಸಿ ಕೇಳಿದ. ಆಮೇಲೆ ಕಿರುಚಿದ, "ಬಂದೆ ಭಾವ! ಕೇಳಿಸ್ತು! ಉಸಿರು ಹಿಡ್ಕೊಳ್ಳಿ, ಇನ್ನೇನು ಬಂದೆ!" ಅಂದು ಮೊದಲಿಗಿಂತ ನೂರು ಪಟ್ಟು ರಭಸದಿಂದ ಅಗೆಯತೊಡಗಿದ.

"ಮೇಲೆ! ಮೇಲೆ ನೋಡೋ! ಮೇಲಿದೀನಿ!"

ಕುಸಿದ ಗೋಡೆಗೆ ಬಡಿದು ಮಾತು ಒಡೆದು ಹೋಗುತ್ತಿತ್ತೋ, ಮಣ್ಣಿನಡಿ ಸಿಕ್ಕವರ ದನಿ ಮೇಲಿನಿಂದ ಬರುವುದಿಲ್ಲ ಅಂತ ಅವನ ತಲೆ ತೀರ್ಮಾನ ಮಾಡಿಬಿಟ್ಟಿತ್ತೋ. ಇವರು ಒಂದೊಂದು ಸಲ ಕೂಗಿದಾಗಲೂ ಅವನು ಇನ್ನಷ್ಟು ಆಳಕ್ಕೆ ಕೈ ತೂರಿಸುತ್ತಿದ್ದ. ಕೂಗಿದರೆ ಅಗೆಯುತ್ತಾನೆ. ಕೂಗದಿದ್ದರೆ ಬಿಡುತ್ತಾನೆಯೇ? ಸಾಹೇಬರು ಬಾಯಿಗೆ ಮುಷ್ಟಿ ಇಟ್ಟುಕೊಂಡು ಕಚ್ಚಿದರು. ಆಗ ಗುಂಡಿಯ ಮೇಲಿದ್ದ ಕಲ್ಲೊಂದು ಹೊರಳಿತು. ಸದ್ದು ಮೇಲಿನವರೆಗೂ ಬರಲಿಲ್ಲ, ಅವನ ಬಲಗೈ ಅದರ ಕೆಳಗೆ ಹೋದದ್ದು ಮಾತ್ರ ಕಾಣಿಸಿತು.

ಹಗ್ಗದಲ್ಲಿ ಇಳಿದವನು ಅವನನ್ನು ತಲುಪುವಾಗ ನೀರು ಎದೆಗೆ ಬಂದಿತ್ತು. ಕಲ್ಲು ಸರಿಸಿ ಕೈ ಬಿಡಿಸಿದ. ಭಾಮೈದ ಅವನಿಗೇ ಗುದ್ದಿದ, ಎಡಗೈಯಿಂದ ಮತ್ತೆ ಮಣ್ಣಿಗೆ ಹೋದ. ಕೊನೆಗೆ ಆ ಮನುಷ್ಯ ಅವನ ಗಲ್ಲ ಹಿಡಿದು ಬಲವಂತವಾಗಿ ತಲೆ ಮೇಲಕ್ಕೆ ತಿರುಗಿಸಿದ. ಭಾಮೈದ ನೋಡಿದ. ಅಂಚಿನಿಂದ ಆಚೆಗೆ ಚಾಚಿದ್ದ ಭಾವನ ಬೋಳು ತಲೆಯನ್ನು ನೋಡಿದ. ಸೊಂಟಕ್ಕೆ ಹಗ್ಗ ಬಿಗಿಯುವವರೆಗೂ ಅದನ್ನೇ ನೋಡುತ್ತಿದ್ದ.

ಅವನನ್ನು ಮೇಲೆ ಎಳೆದುಕೊಂಡ ಹತ್ತು ನಿಮಿಷಕ್ಕೆ ಗುಡ್ಡದ ಇನ್ನೊಂದು ತುಂಡು ಹೋಯಿತು. ಆ ಕೆಂಪು ಗುಡ್ಡೆ ನೀರಿನೊಳಗೆ ಎಲ್ಲಿತ್ತು ಅಂತಲೂ ಹೇಳುವ ಹಾಗಿರಲಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ಅವನಿಗೆ ಎರಡು ಕಂಬಳಿ ಸುತ್ತಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು. ಎಡಗೈಯ ಉಗುರುಗಳು ಕಿತ್ತು ಹೋಗಿದ್ದವು. ಬಲಗೈಗೆ ಸುತ್ತಿದ ಬಟ್ಟೆ ಆಗಲೇ ತೊಯ್ದಿತ್ತು. ಹೆಬ್ಬೆರಳು ಮತ್ತು ಪಕ್ಕದ ಎರಡರ ವಿಷಯ ಡಾಕ್ಟರೇ ಹೇಳಬೇಕು ಅಂದಿದ್ದಳು ಮುಖ್ಯಸ್ಥೆ. ಟೈಲರಿಗೆ ಕತ್ತರಿ ಹಿಡಿಯುವ ಬೆರಳುಗಳು ಅವೇ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಭಾವನ ಮುಖವನ್ನೇ ನೋಡುತ್ತಾ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದ.

"ಅಕ್ಕನಿಗೆ ಏನು ಹೇಳಲಿ ಅಂತ ಅದೊಂದೇ ತಲೇಲಿತ್ತು ಭಾವ. ಇಪ್ಪತ್ತೊಂದನೇ ಗೂಟದಲ್ಲಿ ನಿಂತಿದ್ದೆ. ಕಣ್ಣೆದುರಿಗೇ ಹೋಯ್ತು. ನಿಮ್ಮ ಟೈಮು ಅದು, ಸರಿಯಾಗಿ ಹನ್ನೆರಡು. ಬೋರ್ಡು ನೋಡಿ ತಿರುಗೋ ಆಳಲ್ಲ ನಮ್ಮ ಭಾವ, ಅದರ ಒಳಗೇ ಇದಾರೆ ಅಂತ ಇಳಿದುಬಿಟ್ಟೆ." ಉಸಿರು ಎಳೆದುಕೊಂಡ. "ಹೋಗ್ಲಿ ಬಿಡಿ, ಎಡಗೈಲಿ ಕತ್ತರಿ ಹಿಡಿಯೋದು ಕಲ್ತರಾಯ್ತು. ನೀವಿದೀರಲ್ಲ. ಹೇಗೆ ತಪ್ಪಿಸಿಕೊಂಡ್ರಿ ಹೇಳಿ. ಕುಸಿಯೋಕೆ ಮುಂಚೆಯೇ ದಾಟಿದ್ರಾ?"

ಸಾಹೇಬರು ಮುಖ್ಯಸ್ಥೆಯನ್ನು ನೋಡಿದರು. ಅವಳು ಕನ್ನಡಿಯಲ್ಲಿ ಇವರನ್ನು ನೋಡಿದಳು, ಆಮೇಲೆ ರಸ್ತೆಯ ಕಡೆಗೆ ತಿರುಗಿದಳು. ಅವಳು ಬಾಯಿ ಬಿಡುವುದಿಲ್ಲ ಅಂತ ಗೊತ್ತಾಯಿತು. ಹೂಂ ಅಂದರೆ ಸಾಕಿತ್ತು. ಅವನು ಸಾಯುವವರೆಗೂ ನಂಬಿಕೊಂಡು, ಗಿರಾಕಿಗಳಿಗೆಲ್ಲ ಭಾವನ ಕಥೆ ಹೇಳಿಕೊಂಡು ಇರುತ್ತಿದ್ದ.

"ನಾನು ಆ ದಾರೀಲಿ ಬರಲೇ ಇಲ್ಲ ಕಣೋ" ಅಂದರು. ಮೊದಲ ಸಲ ಅವನೊಂದಿಗೆ ಗದರದೆ ಮಾತಾಡುತ್ತಿದ್ದರು. "ಬೋರ್ಡು ನೋಡಿ ಹೆದರಿಕೊಂಡೆ. ಸುತ್ತು ಹಾಕಿ ಬಂದೆ. ಅದು ಕುಸಿಯೋ ಹೊತ್ತಿಗೆ ಒಂದು ನರ್ಸರೀಲಿ ಕೂತು ಚಹಾ ಕುಡೀತಿದ್ದೆ. ನಿನಗೆ ಸುಳ್ಳು ಹೇಳೋಣ ಅಂತಿದ್ದೆ. ಇವರಿಗೂ ಸುಳ್ಳು ಹೇಳಿದೆ, ಅದಕ್ಕೇ ಇವರು ಬರೋದು ತಡ ಆಯ್ತು."

ಭಾಮೈದನ ನಗು ಮುಖದ ಮೇಲೆ ಹಾಗೇ ಇತ್ತು, ಅದನ್ನು ತೆಗೆಯುವುದು ಅವನಿಗೆ ಮರೆತ ಹಾಗಿತ್ತು. ಅವನು ಕಂಬಳಿಯೊಳಗಿನಿಂದ ಎರಡೂ ಕೈ ಹೊರಗೆ ತೆಗೆದ. ಬಲಗೈಯ ಬಟ್ಟೆಯನ್ನು ನೋಡಿದ, ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೋಡಿದ. ಜೀಪು ಹೊಲದ ಬದು ಹಾರಿ ರಸ್ತೆಗೆ ಬಂತು.

"ಹಾಗಾದ್ರೆ ನಾನು ಇಷ್ಟೊತ್ತು ಯಾರನ್ನ ಅಗೀತಿದ್ದೆ ಭಾವ?" ಅಂದ.

ಸಿಟ್ಟಿನಿಂದಲ್ಲ. ಅಂಗಡಿಯಲ್ಲಿ ಗಿರಾಕಿಯ ಸೊಂಟದ ಅಳತೆ ಕೇಳುವ ದನಿಯಲ್ಲೇ ಕೇಳಿ, ಉತ್ತರಕ್ಕೆ ಕಾದು ಕೂತ.